ಜಿಮ್ಮಿನ ಬಲ ಎಸೆತಕ್ಕೆ ಇಳಿಯಬೇಕಾದರೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕ್ರೀಡಾಪುಟದಲ್ಲಿ ಈಚೆಗೆ ಸ್ಕಾಟ್ಲೆಂಡಿನ ಹೈಲ್ಯಾಂಡ್ ಗೇಮ್ಸ್‌ನ ಚಿತ್ರವೊಂದು ಬಂದಿತ್ತು. ಕಿಲ್ಟ್ ಉಟ್ಟ ಕ್ರೀಡಾಳು ಉದ್ದನೆಯ ಮರದ ಕಾಂಡವನ್ನು ಎತ್ತಿ ತಲೆಕೆಳಗು ಮಾಡಿ ಎಸೆಯುತ್ತಿದ್ದ ದೃಶ್ಯ. ಕೆಳಗಿನ ಬರಹದಲ್ಲಿ, ಇದು ತೋಳ್ಬಲವೊಂದರಿಂದಲೇ ಗೆಲ್ಲುವ ಆಟ ಎಂಬ ಅರ್ಥದ ಮಾತಿತ್ತು. ಅಪರೂಪದ ಆಟವೊಂದನ್ನು ನಮ್ಮ ಗಡಿನಾಡಿನ ಓದುಗರಿಗೆ ತೋರಿಸಿದ್ದಕ್ಕೆ ಸಂತೋಷ. ಆದರೆ ಆ ಮಾತನ್ನು ಒಪ್ಪಲಾರೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಗುಂಡೆಸೆತದ ಮಕ್ಕಳನ್ನು ಈಗ ದಾರಿ ತಪ್ಪಿಸುತ್ತಿರುವುದು ಇದೇ ನಂಬಿಕೆ. ಅದಕ್ಕಾಗಿಯೇ ಈ ಪತ್ರ. ಸ್ವಲ್ಪ ಉದ್ದವಾದೀತು, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ನಾನು ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಮಕ್ಕಳು ಕರೆದರೆ ಈಗಲೂ ಬೆಳಗ್ಗೆ ಮೈದಾನಕ್ಕೆ ಹೋಗುತ್ತೇನೆ. ಸ್ಕಾಟ್ಲೆಂಡಿನ ಆಟ ನನಗೆ ಹತ್ತಿರವಾದದ್ದು ಅಕ್ಕನ ಮಗನಿಂದ. ಶಾಲೆಯಲ್ಲಿ ನನ್ನ ಹತ್ತಿರವೇ ಗುಂಡೆಸೆತ ಕಲಿತು ಉಪಜಿಲ್ಲಾ ಕೂಟದ ತನಕ ಹೋಗಿದ್ದ ಹುಡುಗ, ಈಗ ಅಬರ್ಡೀನಿನಲ್ಲಿ ಇಂಜಿನಿಯರು. ಅಲ್ಲಿ ಬೇಸಗೆ ಬಂತೆಂದರೆ ಊರೂರಿನಲ್ಲಿ ವಾರಾಂತ್ಯಕ್ಕೆ ಗೇಮ್ಸ್ ನಡೆಯುತ್ತದೆ. ಇವನು ಹವ್ಯಾಸಿಗಳ ಸಾಲಿನಲ್ಲಿ ನಿಂತು ಎಸೆಯುತ್ತಾನೆ. ಎಸೆದದ್ದನ್ನು ಯಾರಿಂದಲಾದರೂ ವಿಡಿಯೋ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸುತ್ತಾನೆ: "ಮಾವಾ, ಎಲ್ಲಿ ತಪ್ಪುತ್ತಾ ಇದೆ, ನೋಡಿ ಹೇಳಿ."

ಅಲ್ಲಿನ ಸ್ಪರ್ಧೆಯ ಕ್ರಮ ನಮ್ಮ ಕ್ರೀಡಾಕೂಟದ ಹಾಗಲ್ಲ. ಇಲ್ಲಿ ಒಬ್ಬ ಹುಡುಗ ಗುಂಡು ಎಸೆದರೆ, ಹೆಚ್ಚೆಂದರೆ ಡಿಸ್ಕಸ್ಸಿಗೂ ಹೆಸರು ಕೊಟ್ಟಾನು. ಅಲ್ಲಿ ಹೆವಿ ವಿಭಾಗದಲ್ಲಿ ಇಳಿದವನು ಒಂದೇ ದಿನದಲ್ಲಿ ಎಲ್ಲವನ್ನೂ ಎಸೆಯಬೇಕು. ನದಿಯ ನುಣ್ಣನೆ ಕಲ್ಲನ್ನು ನಮ್ಮ ಗುಂಡಿನ ಹಾಗೆ ಕುತ್ತಿಗೆಯಿಂದ ತಳ್ಳುವುದು. 28 ಪೌಂಡಿನ ಮತ್ತು 56 ಪೌಂಡಿನ ಲೋಹದ ತೂಕವನ್ನು ಒಂದೇ ಕೈಯಲ್ಲಿ ಹಿಡಿದು ಸುತ್ತಿ ದೂರಕ್ಕೆ ಎಸೆಯುವುದು. ಅದೇ 56 ಪೌಂಡನ್ನು ಒಂಟಿ ಕೈಯಿಂದ ತಲೆಯ ಮೇಲಾಗಿ ಅಡ್ಡಪಟ್ಟಿ ದಾಟಿಸುವುದು. 16 ಮತ್ತು 22 ಪೌಂಡಿನ ಹ್ಯಾಮರ್, ಅಂದರೆ ಉದ್ದ ಹಿಡಿಯ ತುದಿಗೆ ಲೋಹದ ಗುಂಡಿರುವುದನ್ನು ಬೀಸಿ ಎಸೆಯುವುದು. ಜೊತೆಗೆ ನೀವು ಚಿತ್ರ ಹಾಕಿದ ಕೇಬರ್. ಅಲ್ಲಿನ ಹ್ಯಾಮರಿಗೆ ನಮ್ಮ ಕೂಟದ್ದರ ಹಾಗೆ ಸರಿಗೆಯಿಲ್ಲ, ಬೆತ್ತದಂಥ ಗಟ್ಟಿ ಹಿಡಿ. ಎಸೆಯುವವನು ತಿರುಗುವಂತೆಯೂ ಇಲ್ಲ, ಕಾಲು ಊರಿದಲ್ಲೇ ಊರಿರಬೇಕು. ಅದಕ್ಕೆಂದೇ ಬೂಟಿನ ಮುಂದೆ ಕಬ್ಬಿಣದ ಅಲಗು ಕಟ್ಟಿಕೊಂಡು ಹುಲ್ಲುನೆಲಕ್ಕೆ ಚುಚ್ಚಿ ನಿಲ್ಲುತ್ತಾರೆ. 56 ಪೌಂಡೆಂದರೆ 25 ಕಿಲೋಗೆ ಮಿಕ್ಕಿದ ಭಾರ. ಈ ಎಸೆತ 1904 ಮತ್ತು 1920ರ ಒಲಿಂಪಿಕ್ಸಿನಲ್ಲಿಯೂ ಇತ್ತು.

ಕೇಬರಿನ, ಅಂದರೆ ಆ ಮರದ ಕಾಂಡದ ವಿಷಯಕ್ಕೆ ಬರೋಣ. ಸ್ಕಾಟ್ಲೆಂಡಿನ ಊರಾದ ಬ್ರೇಮಾರ್‌ನ ಹೆಸರುವಾಸಿ ಕೇಬರ್ 19 ಅಡಿ 9 ಇಂಚು ಉದ್ದ, 132 ಪೌಂಡ್ ತೂಕ, ಅಂದರೆ ಸುಮಾರು 60 ಕಿಲೋ. ನಮ್ಮ ಕಡೆ ಅಡಿಕೆ ಗೋಣಿ, ಸಿಮೆಂಟ್ ಚೀಲ ಹೊರುವ ಎಷ್ಟೋ ಯುವಕರು 60 ಕಿಲೋವನ್ನು ಹೆಗಲಿಗೇರಿಸಿಯಾರು. ಆದರೆ ಕೇಬರಿನಲ್ಲಿ ದೂರವನ್ನು ಅಳೆಯುವುದೇ ಇಲ್ಲ. ಕಾಂಡ ಗಾಳಿಯಲ್ಲಿ ಪಲ್ಟಿ ಹೊಡೆದು, ದಪ್ಪದ ತುದಿ ನೆಲಕ್ಕೆ ಬಡಿದು, ತೆಳು ತುದಿ ಎಸೆದವನಿಂದ ನೇರ ಆಚೆಗೆ ಬೀಳಬೇಕು. ಗಡಿಯಾರದ ಮುಳ್ಳು 12ರಲ್ಲಿ ನಿಂತ ಹಾಗೆ ಬಿದ್ದರೆ ಪೂರ್ಣ ಅಂಕ. 11ಕ್ಕೋ 1ಕ್ಕೋ ವಾಲಿದರೆ ಕಡಿಮೆ. ಕಾಂಡ ಹೆಗಲ ಮೇಲೆ ನಿಂತು ಸಮತೋಲಕ್ಕೆ ಬರುವ ತನಕ ಕಾಯಬೇಕು, ಓಡಿ ಬಂದು ತಟಕ್ಕನೆ ನಿಲ್ಲಬೇಕು, ಮೇಲಿನ ತುದಿ ಮುಂದಕ್ಕೆ ಬೀಳತೊಡಗಿದ ಕ್ಷಣದಲ್ಲೇ ಕೈಯಲ್ಲಿರುವ ಕೆಳತುದಿಯನ್ನು ಎತ್ತಿ ಎಳೆಯಬೇಕು. ಅರೆಕ್ಷಣ ಮೊದಲಾದರೂ ತಪ್ಪು, ತಡವಾದರೂ ತಪ್ಪು. ಆ ಸಮಯಜ್ಞಾನ ಯಾವ ಜಿಮ್ಮಿನ ಯಂತ್ರದಲ್ಲಿಯೂ ಸಿಗುವುದಿಲ್ಲ.

ಎರಡು ಚಳಿಗಾಲದ ಹಿಂದೆ ಅಳಿಯ ಫೋನು ಮಾಡಿದ್ದ. ಅಕ್ಟೋಬರಿನಿಂದ ಅಲ್ಲಿ ಬೇಗ ಕತ್ತಲು, ಕೊರೆವ ಚಳಿ; ಮೈದಾನಕ್ಕೆ ಹೋಗುವುದನ್ನೇ ಬಿಟ್ಟು ಜಿಮ್ಮಿಗೆ ಅಂಟಿಕೊಂಡಿದ್ದ. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಏರಿತು, ಭಾರ ಹೊತ್ತು ಕೂತೇಳುವ ಸ್ಕ್ವಾಟ್ ಏರಿತು, ತೋಳು ಅಂಗಿಗೆ ಹಿಡಿಸದಷ್ಟಾಯಿತು. ಮೇ ತಿಂಗಳಲ್ಲಿ ಮೊದಲ ಗೇಮ್ಸಿಗೆ ಹೋದಾಗ 56 ಪೌಂಡಿನ ತೂಕ ಮೊದಲಿಗಿಂತ ತುಸು ಮುಂದೆ ಬಿತ್ತು. ಆದರೆ ಕಲ್ಲು ಹಿಂದಿನ ವರ್ಷದ ಗುರುತಿಗೂ ಮುಟ್ಟಲಿಲ್ಲ, ಹ್ಯಾಮರ್ ಇನ್ನೂ ಹಿಂದೆ. "ಇಷ್ಟು ಬಲ ಬಂದಿದೆ ಮಾವಾ, ಎಲ್ಲಿಗೆ ಹೋಯಿತು ಅದು?" ಅಂತ ಕೇಳಿದ.

ಬಲ ಎಲ್ಲಿಗೂ ಹೋಗಿರಲಿಲ್ಲ. ಅದಕ್ಕೆ ಹೊರಬರಲು ಸಮಯ ಸಿಗುತ್ತಿರಲಿಲ್ಲ. ಸ್ನಾಯು ತನ್ನ ಪೂರ್ತಿ ಬಲ ತೋರಿಸಲು ಸುಮಾರು ಸೆಕೆಂಡಿನ ಮೂರನೇ ಒಂದು ಭಾಗ ಬೇಕು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಡೆಡ್‌ಲಿಫ್ಟಿನಲ್ಲಿ ಭಾರ ನೆಲದಿಂದ ಏಳಲು ಅದಕ್ಕಿಂತ ಎಷ್ಟೋ ಪಾಲು ಸಮಯ ಇರುತ್ತದೆ. ಗುಂಡೆಸೆತದಲ್ಲಿ ಎರಡೂ ಕಾಲು ಊರಿದ ಮೇಲೆ ಗುಂಡು ಬೆರಳು ಬಿಡುವ ತನಕ ಸಿಗುವುದು ಸೆಕೆಂಡಿನ ನಾಲ್ಕನೇ ಒಂದು ಭಾಗದಷ್ಟೇ, ಕೆಲವರಿಗೆ ಅದಕ್ಕೂ ಕಡಿಮೆ. ಅಷ್ಟರಲ್ಲಿ ಎಷ್ಟು ಬಲ ಹೊರಗೆ ಬಂತೋ ಅಷ್ಟೇ ಲೆಕ್ಕಕ್ಕೆ. 25 ಕಿಲೋದ ತೂಕ ನಿಧಾನಕ್ಕೆ ಚಲಿಸುವುದರಿಂದ ಅಲ್ಲಿ ಜಿಮ್ಮಿನ ಬಲ ಒಂದಿಷ್ಟು ನೇರವಾಗಿ ಸಲ್ಲುತ್ತದೆ. ಕಲ್ಲು, ಹ್ಯಾಮರ್ ಹಗುರಾದಷ್ಟೂ ವೇಗದ ಪಾಲು ಹೆಚ್ಚು. ಹುಡುಗನ ಫಲಿತಾಂಶದಲ್ಲಿ ಕಾಣಿಸಿದ್ದೂ ಅದೇ. ಒಂದೇ ದೇಹ, ಒಂದೇ ದಿನ. ಭಾರದ್ದು ಮುಂದೆ ಹೋಯಿತು, ಹಗುರದ್ದು ಹಿಂದೆ ಉಳಿಯಿತು. ನಾನು ಸ್ಕಾಟಿಷ್ ಆಟವನ್ನು ಮೆಚ್ಚುವುದೂ ಇದಕ್ಕೇ: ತರಬೇತಿಯಲ್ಲಿ ಯಾವುದು ಜಾಸ್ತಿಯಾಯಿತು, ಯಾವುದು ಕಡಿಮೆಯಾಯಿತು ಎಂಬುದನ್ನು ಅದು ಒಂದೇ ಮಧ್ಯಾಹ್ನದಲ್ಲಿ ಕಣ್ಣೆದುರಿಗೆ ಇಡುತ್ತದೆ.

ಇನ್ನೊಂದು ಲೆಕ್ಕ. ಗುಂಡು ಬೀಳುವ ದೂರ ಅದು ಕೈಬಿಡುವ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ನೂರಕ್ಕೆ 5 ಹೆಚ್ಚಿದರೆ ದೂರ ಹತ್ತಿರ ಹತ್ತಿರ ನೂರಕ್ಕೆ 10 ಹೆಚ್ಚುತ್ತದೆ. 21 ಮೀಟರಿನಾಚೆ ಎಸೆಯುವವರ ಗುಂಡು ಸೆಕೆಂಡಿಗೆ 14 ಮೀಟರಿನ ಆಸುಪಾಸಿನ ವೇಗದಲ್ಲಿ ಕೈಬಿಡುತ್ತದೆ. ನಮ್ಮ ತಜೀಂದರ್‌ಪಾಲ್ ಸಿಂಗ್ ತೂರ್ 2023ರಲ್ಲಿ ಭುವನೇಶ್ವರದಲ್ಲಿ 21.77 ಮೀಟರ್ ಎಸೆದದ್ದು ಅಂಥ ವೇಗದಿಂದ. ತೂರ್ ಅವರ ಮೈಕಟ್ಟನ್ನು ಎಲ್ಲರೂ ನೋಡುತ್ತಾರೆ, ಗುಂಡು ಬಿಡುವ ಹೊತ್ತಿಗೆ ಅವರ ಕಾಲು ಮಾಡುವ ಕೆಲಸವನ್ನು ನೋಡುವವರು ಕಡಿಮೆ.

ಈಗ ನಮ್ಮೂರಿನ ವಿಷಯ. ಪೆರ್ಲ ಕಡೆಯ ಹುಡುಗಿಯೊಬ್ಬಳು, ಪ್ಲಸ್ ಟೂ ಓದುವವಳು, ಕಳೆದ ಮಳೆಗಾಲಕ್ಕೆ ಮೊದಲು ಚೆನ್ನಾಗಿ ಎಸೆಯುತ್ತಿದ್ದಳು. ಮೈ ಹಗುರ, ಕಾಲು ಚುರುಕು. ಜೂನಿನಲ್ಲಿ ಶಾಲೆಯ ಮೈದಾನ ಕೆಸರಾಯಿತು. ಮನೆಯವರು ಪೇಟೆಯ ಜಿಮ್ಮಿಗೆ ಸೇರಿಸಿದರು, ಒಳ್ಳೆಯ ಉದ್ದೇಶದಿಂದಲೇ. ಅಲ್ಲಿ ಬರುವ ಎಲ್ಲರಿಗೂ ಹೇಳಿಕೊಡುವುದನ್ನೇ ಅವಳಿಗೂ ಹೇಳಿಕೊಟ್ಟರು: ಬೆಂಚ್ ಪ್ರೆಸ್, ಲೆಗ್ ಪ್ರೆಸ್ ಯಂತ್ರ, ಡಂಬೆಲ್ಸಿನಲ್ಲಿ ತೋಳು ಮಡಚುವುದು. ಮೂರು ತಿಂಗಳು ಗುಂಡು ಮುಟ್ಟಲಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ತುಸು ಬಿಟ್ಟಾಗ ಬಂದಳು. ಗ್ಲೈಡ್ ಮಾಡಿ, ಅಂದರೆ ವೃತ್ತದ ಹಿಂಬದಿಯಿಂದ ಜಾರುನಡೆಯಲ್ಲಿ ಬಂದು, ಬಲಗಾಲು ವೃತ್ತದ ನಡುವಿಗೆ ತಲುಪಿದ್ದಷ್ಟೇ, ಎಡಗಾಲು ಮುಂದಿನ ಮರದ ಪಟ್ಟಿಗೆ ತಾಗುವ ಮೊದಲೇ ಎದೆ ತೆರೆದುಹೋಗುತ್ತಿತ್ತು, ತೋಳು ತಳ್ಳಲು ಶುರುಮಾಡುತ್ತಿತ್ತು. ಬೆಂಚಿನ ಮೇಲೆ ಅಂಗಾತ ಮಲಗಿ ತಳ್ಳಿದ ಅಭ್ಯಾಸ ಅದು. ಅಲ್ಲಿ ಕಾಲಿಗೆ ಕೆಲಸವಿಲ್ಲ, ಸೊಂಟಕ್ಕೆ ಕೆಲಸವಿಲ್ಲ, ತೋಳೇ ಎಲ್ಲ. ಮೊಣಕೈ ಕೆಳಗೆ ಜಾರಿ ಗುಂಡು ಕುತ್ತಿಗೆ ಬಿಟ್ಟು ಈಚೆಗೆ ಬರುತ್ತಿತ್ತು. ತಾಯಿ ಗಡಿಗಟ್ಟೆಯ ಮೇಲೆ ಕೂತು, "ಮಾಸ್ಟ್ರೇ, ಶಕ್ತಿ ಜಾಸ್ತಿಯಾಗಿದೆಯಲ್ಲ, ಮತ್ತೆಂತಕ್ಕೆ ಹೋಗುವುದಿಲ್ಲ?" ಅಂತ ಕೇಳಿದರು. ಅಬರ್ಡೀನಿನ ಅಳಿಯ ಕೇಳಿದ ಪ್ರಶ್ನೆಯೇ ಪೆರ್ಲದ ಈ ತಾಯಿಯದ್ದೂ ಆಗಿತ್ತು.

ನಾನು ಜಿಮ್ಮಿಗೆ ವಿರೋಧಿಯಲ್ಲ. ಬಲವಿಲ್ಲದೆ ಎಸೆತವಿಲ್ಲ. ಬ್ರಿಟನ್ನಿನ ಜೆಫ್ ಕೇಪ್ಸ್ 1980ರಲ್ಲಿ ಗುಂಡನ್ನು 21.68 ಮೀಟರ್ ಎಸೆದವರು; ಆಮೇಲೆ 1983 ಮತ್ತು 1985ರಲ್ಲಿ ಜಗತ್ತಿನ ಅತಿ ಬಲಶಾಲಿ ಎಂಬ ಪಟ್ಟವನ್ನೂ ಗೆದ್ದರು, ಹೈಲ್ಯಾಂಡ್ ಗೇಮ್ಸಿನಲ್ಲೂ ಚಾಂಪಿಯನ್ ಆದರು. ಅವರ ವಿಷಯದಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ವರ್ಷಗಟ್ಟಲೆ ಎಸೆತ, ಆ ಎಸೆತದ ಮೇಲೆ ಬಲ. ಇನ್ನೊಂದು ಉದಾಹರಣೆ ಸೋವಿಯತ್ ಒಕ್ಕೂಟದ ಅನಾತೊಲಿ ಬೊಂಡಾರ್ಚುಕ್. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಹ್ಯಾಮರ್ ಚಿನ್ನ ಗೆದ್ದು ಆಮೇಲೆ ತರಬೇತುದಾರರಾದವರು. 1976ರಲ್ಲಿ ಅವರ ಶಿಷ್ಯ ಯೂರಿ ಸೆಡಿಖ್ ಚಿನ್ನ ಗೆದ್ದಾಗ ಅದೇ ಸ್ಪರ್ಧೆಯಲ್ಲಿ ಗುರುವಿಗೆ ಕಂಚು. ಸೆಡಿಖ್ 1986ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಎಸೆದ 86.74 ಮೀಟರ್ ಇವತ್ತಿಗೂ ವಿಶ್ವದಾಖಲೆ. ಬೊಂಡಾರ್ಚುಕ್ ಜೀವಮಾನವಿಡೀ ಹಿಂದೆ ಬಿದ್ದದ್ದು ಒಂದೇ ಪ್ರಶ್ನೆಗೆ: ಯಾವ ವ್ಯಾಯಾಮದಲ್ಲಿ ಆದ ಪ್ರಗತಿ ಎಸೆತದ ದೂರಕ್ಕೆ ದಾಟುತ್ತದೆ, ಯಾವುದು ದಾಟುವುದಿಲ್ಲ? ಅವರ ಪದ್ಧತಿಯಲ್ಲಿ ಸ್ಪರ್ಧೆಯ ತೂಕಕ್ಕಿಂತ ತುಸು ಭಾರದ್ದನ್ನೂ ತುಸು ಹಗುರದ್ದನ್ನೂ ಎಸೆಯುವುದೇ ಅತ್ಯಂತ ಮುಖ್ಯ ಬಲವರ್ಧನೆ; ಬಾರ್ಬೆಲ್ಲಿನ ಸ್ಥಾನ ಅದರ ಪಕ್ಕದಲ್ಲಿ.

ಹಾಗಾದರೆ ವಾರವನ್ನು ಹೇಗೆ ಹಂಚುವುದು? ಅಳಿಯನಿಗೆ ಹೇಳಿದ್ದನ್ನೇ ಇಲ್ಲಿನ ಮಕ್ಕಳಿಗೂ ಹೇಳುತ್ತೇನೆ. ಎಸೆತವೂ ಕಬ್ಬಿಣವೂ ಒಂದೇ ದಿನ ಇದ್ದರೆ ಎಸೆತ ಮೊದಲು, ಕಬ್ಬಿಣ ಆಮೇಲೆ. ದಣಿದ ಕಾಲಿನಲ್ಲಿ ಎಸೆದರೆ ದಣಿದ ಎಸೆತವೇ ಮೈಗೆ ಹತ್ತುತ್ತದೆ. ವಾರಕ್ಕೆ ಮೂರು ದಿನ ಎಸೆತ, ಎರಡು ದಿನ ಭಾರ, ಸಾಮಾನ್ಯರಿಗೆ ಅಷ್ಟು ಸಾಕು. ಒಂದು ಹೊತ್ತಿಗೆ ಪೂರ್ಣ ವೇಗದ ಎಸೆತ 20ರಿಂದ 30, ಅದಕ್ಕಿಂತ ಹೆಚ್ಚು ಬೇಡ. ಎಲ್ಲ ಎಸೆತಕ್ಕೂ ಗುಂಡು ಬಿದ್ದಲ್ಲಿ ಗುರುತಿನ ಗೂಟ ಹಾಕಿ. ಆ ದಿನದ ಒಳ್ಳೆಯ ಎಸೆತಕ್ಕಿಂತ ಗುಂಡು ನೂರಕ್ಕೆ ಐದರಷ್ಟು ಈಚೆಗೆ ಬೀಳತೊಡಗಿದರೆ ಅಲ್ಲಿಗೆ ನಿಲ್ಲಿಸಿ. ನಾನು ಅಡಿಕೆ ಸಲಾಕೆಯನ್ನು ಸಣ್ಣಗೆ ಸೀಳಿ ಗೂಟ ಮಾಡಿಟ್ಟಿದ್ದೇನೆ, ಬೇಕಾದವರು ಬಂದು ಒಯ್ಯಬಹುದು.

ಭಾರ ಎತ್ತುವಾಗ ನಿಂತು ಮಾಡುವ, ಇಡೀ ಮೈ ಸೇರುವ ವ್ಯಾಯಾಮಗಳಿಗೆ ಮೊದಲ ಮಣೆ: ಸ್ಕ್ವಾಟ್, ನೆಲದಿಂದ ಹೆಗಲಿಗೆ ಒಂದೇ ಎಳೆತದಲ್ಲಿ ತರುವ ಪವರ್ ಕ್ಲೀನ್, ಕಾಲಿನ ತಳ್ಳಿಕೆಯಿಂದ ತಲೆಯ ಮೇಲಕ್ಕೆ ಒಯ್ಯುವ ಪುಶ್ ಪ್ರೆಸ್. ಸ್ಕಾಟಿಷ್ ತೂಕ ಎಸೆಯುವವರಿಗೆ ಡೆಡ್‌ಲಿಫ್ಟ್ ಕೂಡ ಬೇಕು, ಹಿಡಿತವೂ ಬೇಕು, ಯಾಕೆಂದರೆ ಸುತ್ತುವಾಗ 25 ಕಿಲೋ ಬೆರಳನ್ನು ಬಿಚ್ಚಲು ನೋಡುತ್ತದೆ. ಬೆಂಚ್ ಪ್ರೆಸ್ ಗುಂಡಿನವರಿಗೆ ಒಂದಿಷ್ಟು ಇರಲಿ, ಹ್ಯಾಮರಿನವರಿಗೆ ಅದರಿಂದ ಲಾಭ ತೀರಾ ಕಡಿಮೆ. ಒಂದೇ ಬದಿಗೆ ಸುತ್ತಿ ಸುತ್ತಿ ಬೆನ್ನು ಒಂದು ಕಡೆಗೆ ಬಿಗಿಯುತ್ತದೆ, ಆದ್ದರಿಂದ ಹಗುರ ತೂಕದಲ್ಲಿ ಎದುರು ಬದಿಗೂ ಸುತ್ತಿಸಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ, ಮತ್ತೆ ಸೊಂಟನೋವೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ.

ಸ್ಪರ್ಧೆಗಳ ತಿಂಗಳು ಬಂದಾಗ ಜಿಮ್ಮನ್ನು ಪೂರ್ತಿ ಬಿಡುವುದೂ ಸರಿಯಲ್ಲ, ಮೊದಲಿನಷ್ಟೇ ಮಾಡುವುದೂ ಸರಿಯಲ್ಲ. ಬಾರಿನ ತೂಕ ಹೆಚ್ಚು ಕಡಿಮೆ ಹಾಗೆಯೇ ಇರಲಿ, ಭಾರ ಎತ್ತುವ ಸುತ್ತುಗಳನ್ನು (ಸೆಟ್) ಅರ್ಧಕ್ಕಿಳಿಸಿ. ಗಳಿಸಿದ ಬಲವನ್ನು ಕಾಯಲು ವಾರಕ್ಕೆ ಒಂದು ಗಟ್ಟಿ ಅಭ್ಯಾಸ ಸಾಕಾಗುತ್ತದೆ. ದೊಡ್ಡ ಕೂಟಕ್ಕೆ ಐದಾರು ದಿನ ಮೊದಲು ಭಾರದ ಸ್ಕ್ವಾಟ್ ಮುಗಿದಿರಬೇಕು. ಹಿಂದಿನ ದಿನ ಜಿಮ್ಮಿಗೆ ಹೋಗಿ "ಸ್ವಲ್ಪ ಬಿಸಿ ಮಾಡಿಕೊಂಡೆ ಸರ್" ಎನ್ನುವ ಹುಡುಗರನ್ನು ಪ್ರತಿ ವರ್ಷವೂ ಕಾಣುತ್ತೇನೆ, ಮರುದಿನ ಅವರ ಕಾಲು ಏಳುವುದಿಲ್ಲ.

ನಮಗೆ ಒಂದು ತೊಡಕು ಹೆಚ್ಚಿಗೆ ಇದೆ. ಸ್ಕಾಟ್ಲೆಂಡಿನವರಿಗೆ ಚಳಿಗಾಲ ಉದ್ದ, ಆಟದ ಕಾಲ ಮೇಯಿಂದ ಸೆಪ್ಟೆಂಬರ್. ಬಲ ಕಟ್ಟಲು ತಿಂಗಳುಗಟ್ಟಲೆ, ಅದನ್ನು ಎಸೆತಕ್ಕೆ ಇಳಿಸಲು ಮತ್ತೆ ಒಂದೆರಡು ತಿಂಗಳು ಸಿಗುತ್ತದೆ. ಕಾಸರಗೋಡಿನಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಜೂನಿನಲ್ಲಿ ಒಟ್ಟಿಗೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ತನಕದ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ನೆಲ ಆರುವ ಹೊತ್ತಿಗೆ ಉಪಜಿಲ್ಲಾ ಕೂಟ ಬಾಗಿಲಲ್ಲಿ ನಿಂತಿರುತ್ತದೆ. ಹೀಗಾಗಿ ಮಕ್ಕಳು ಜಿಮ್ಮಿನಿಂದ ನೇರ ಸ್ಪರ್ಧೆಯ ವೃತ್ತಕ್ಕೆ ಕಾಲಿಡುತ್ತಾರೆ, ನಡುವಿನ ಮೆಟ್ಟಿಲೇ ಇಲ್ಲ.

ಇದಕ್ಕೆ ದಾರಿ ಇದೆ, ದುಬಾರಿಯೂ ಅಲ್ಲ. ಶಾಲೆಯ ಉದ್ದ ಜಗಲಿಯಲ್ಲಿ ಗುಂಡಿಲ್ಲದೆ ಗ್ಲೈಡ್ ಮಾಡಿಸಬಹುದು. ಕೆಂಪು ಕಲ್ಲಿನ ಗಟ್ಟಿ ಗೋಡೆಗೆ ಮೆಡಿಸಿನ್ ಬಾಲನ್ನು ಪೂರ್ಣ ವೇಗದಲ್ಲಿ ಎಸೆಯಿಸಬಹುದು. ಬಾಲ್ ಇಲ್ಲದಿದ್ದರೆ ಹಳೆಯ ಫುಟ್‌ಬಾಲಿಗೆ ಮರಳು ತುಂಬಿ ಹೊಲಿದರೆ ಆಯಿತು. ಶೆಡ್ಡಿನ ಕೆಳಗೆ ಮರಳಿನ ಗೋಣಿ ಪೇರಿಸಿ, ನಿಂತಲ್ಲಿಂದಲೇ ನಿಜವಾದ ಗುಂಡನ್ನು ಅದಕ್ಕೆ ಎಸೆಯಿಸಬಹುದು. ದೂರ ಅಳೆಯಲಾಗದಿದ್ದರೇನು, ಕಾಲು ಮೊದಲು, ಸೊಂಟ ಆಮೇಲೆ, ತೋಳು ಕೊನೆಗೆ ಎಂಬ ಸರದಿ ಮೈಯಲ್ಲಿ ಉಳಿಯುತ್ತದೆ. ಪೆರ್ಲದ ಹುಡುಗಿಗೆ ಈ ಮಳೆಗಾಲ ಇದನ್ನೇ ಮಾಡಿಸುತ್ತಿದ್ದೇನೆ. ಜಿಮ್ಮಿಗೆ ವಾರಕ್ಕೆ ಎರಡು ಸಂಜೆ ಹೋಗುತ್ತಾಳೆ, ಬೆಂಚಿನ ಬದಲು ಪುಶ್ ಪ್ರೆಸ್ ಮಾಡುತ್ತಾಳೆ. ಎಡಗಾಲು ಈಗ ಸಮಯಕ್ಕೆ ಸರಿಯಾಗಿ ಊರುತ್ತಿದೆ. ಅಬರ್ಡೀನಿನವನು ಕೂಡ ಚಳಿಯಲ್ಲೇ ವಾರಕ್ಕೊಂದು ದಿನ ಮೈದಾನಕ್ಕೆ ಹೋಗಿ ನೆನೆದ ಹುಲ್ಲಿನಲ್ಲಿ ಕಲ್ಲು ಎಸೆಯುತ್ತಾನೆ, ಕೈಒರಸಲು ಬೈರಾಸು ಸೊಂಟಕ್ಕೆ ಸಿಕ್ಕಿಸಿಕೊಂಡು.

ಇಲ್ಲಿ ಒಂದು ಕಟು ಮಾತನ್ನೂ ಹೇಳಬೇಕು. ಮಕ್ಕಳು ಎಸೆತ ಬಿಟ್ಟು ಜಿಮ್ಮಿಗೆ ಹೋಗುವುದು ಸೋಮಾರಿತನದಿಂದ ಅಲ್ಲ. ಜಿಮ್ಮು ಪ್ರತಿ ಪೇಟೆಯಲ್ಲಿದೆ, ಎಸೆಯುವ ಸುರಕ್ಷಿತ ಜಾಗ ಇಲ್ಲ. 2019ರಲ್ಲಿ ಪಾಲಾದಲ್ಲಿ ಕೇರಳ ರಾಜ್ಯ ಜೂನಿಯರ್ ಅತ್ಲೆಟಿಕ್ ಕೂಟದ ವೇಳೆ ಹ್ಯಾಮರ್ ತಲೆಗೆ ಬಡಿದು ಸ್ವಯಂಸೇವಕನಾಗಿದ್ದ ಶಾಲಾ ಬಾಲಕ ತೀರಿಕೊಂಡದ್ದನ್ನು ನಾವಾರೂ ಮರೆಯಬಾರದು. ಹ್ಯಾಮರಿಗೂ ಡಿಸ್ಕಸ್ಸಿಗೂ ಗಟ್ಟಿ ಬಲೆಯ ಪಂಜರ ಬೇಕೇ ಬೇಕು. ಅದಿಲ್ಲದೆ ಯಾವ ಮಾಸ್ಟ್ರೂ ಮಕ್ಕಳ ಕೈಗೆ ಹ್ಯಾಮರ್ ಕೊಡಬಾರದು. ಗುಂಡೆಸೆತಕ್ಕೆ ಪಂಜರವೂ ಬೇಡ. 2.135 ಮೀಟರ್ ವ್ಯಾಸದ ಒಂದು ಕಾಂಕ್ರೀಟ್ ವೃತ್ತ, ಮುಂದೆ ಒಂದು ಮರದ ಪಟ್ಟಿ, ಎಸೆಯುವ ದಿಕ್ಕಿಗೆ ಹಗ್ಗ ಕಟ್ಟಿ ಜನ ಹೋಗದಂತೆ ತಡೆದ ನೆಲ, ಇಷ್ಟೇ. ಒಂದು ಮನೆಯ ಬಚ್ಚಲಿಗೆ ಹಾಕುವ ಸಿಮೆಂಟಿನಷ್ಟು ಖರ್ಚು. ಮೇಲೆ ತಗಡಿನ ಮಾಡು ಹಾಕಿದರೆ ಮಳೆಗಾಲದ ತೊಡಕೂ ಅರ್ಧ ಕಳೆಯುತ್ತದೆ.

ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಕನಿಷ್ಠ ಒಂದೊಂದು ಶಾಲೆಯಲ್ಲಾದರೂ ಮಾಡು ಇರುವ ಇಂಥ ವೃತ್ತವನ್ನು ಮುಂದಿನ ಜೂನಿನೊಳಗೆ ಕಟ್ಟಿಸಬೇಕೆಂದು ಪಂಚಾಯತುಗಳನ್ನೂ ಶಾಲೆಗಳ ಮ್ಯಾನೇಜರರನ್ನೂ ರಕ್ಷಕ ಶಿಕ್ಷಕ ಸಂಘದವರನ್ನೂ ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ಜೊತೆಗೆ ವಯಸ್ಸಿಗೆ ತಕ್ಕ ಗುಂಡುಗಳನ್ನು ಕೊಡಿ: 18ರೊಳಗಿನ ಹುಡುಗಿಯರಿಗೆ 3 ಕಿಲೋ, ಹುಡುಗರಿಗೆ 5 ಕಿಲೋ. ದೊಡ್ಡವರ 7.26 ಕಿಲೋದ ಗುಂಡನ್ನು ಎಂಟನೇ ತರಗತಿಯ ಹುಡುಗನಿಗೆ ಕೊಟ್ಟು ಮೊಣಕೈ ಕೆಡಿಸುವುದನ್ನು ಇನ್ನಾದರೂ ನಿಲ್ಲಿಸಿ. ಹೆತ್ತವರಲ್ಲಿ ಒಂದು ವಿನಂತಿ: ಜಿಮ್ಮಿಗೆ ಸೇರಿಸುವ ದಿನವೇ ಅಲ್ಲಿನವರಿಗೆ "ನಮ್ಮ ಮಗು ಎಸೆಯುವ ಮಗು" ಎಂದು ತಿಳಿಸಿ, ಶಾಲೆಯ ದೈಹಿಕ ಶಿಕ್ಷಕರ ನಂಬರನ್ನೂ ಕೊಡಿ. ಇಬ್ಬರೂ ಒಮ್ಮೆ ಮಾತಾಡಿಕೊಂಡರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಡಬ್ಬಿಯ ಪುಡಿಗೆ ಸಾವಿರಗಟ್ಟಲೆ ಸುರಿಯುವ ಬದಲು ಮನೆಯಲ್ಲಿ ಬಂಗುಡೆ, ಮೊಟ್ಟೆ, ಕಡಲೆ, ಹಾಲು ಇರಲಿ.

ತಮ್ಮ ಪತ್ರಿಕೆಯಲ್ಲಿಯೂ ಒಂದು ಕೇಳಿಕೆಯಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ತರಬೇತಿಯ ಬಗ್ಗೆ ಓದಲು ಸ್ವಂತ ಭಾಷೆಯಲ್ಲಿ ಸಿಗುವುದು ತೀರಾ ಅಲ್ಪ. ಶಿಬಿರಗಳಲ್ಲಿ ಮಲಯಾಳ, ಯೂಟ್ಯೂಬಿನಲ್ಲಿ ಇಂಗ್ಲಿಷು. ಅರ್ಧ ಅರ್ಥವಾದದ್ದನ್ನೇ ಮಾಡುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2014ರಲ್ಲಿ ಅದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡಿಸ್ಕಸ್ಸನ್ನು 63.64 ಮೀಟರ್ ಎಸೆದು ಕಾಮನ್‌ವೆಲ್ತ್ ಚಿನ್ನ ಗೆದ್ದರು. ಪುರುಷರ ಅತ್ಲೆಟಿಕ್ಸಿನಲ್ಲಿ 1958ರ ಮಿಲ್ಖಾ ಸಿಂಗ್ ನಂತರ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಅಂಥವರು ಹೇಗೆ ಅಭ್ಯಾಸ ಮಾಡುತ್ತಿದ್ದರು, ವಾರವನ್ನು ಹೇಗೆ ಹಂಚಿಕೊಳ್ಳುತ್ತಿದ್ದರು ಎಂಬುದನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಓದುವಂತಾಗಬೇಡವೇ? ಕ್ರೀಡಾಪುಟದಲ್ಲಿ ಹದಿನೈದು ದಿನಕ್ಕೊಮ್ಮೆ ಅರ್ಧ ಕಾಲಂ ಜಾಗ ಕೊಟ್ಟರೆ ನಾನು ಸಂಭಾವನೆಯಿಲ್ಲದೆ ಬರೆದುಕೊಡುತ್ತೇನೆ, ನನ್ನಂತೆ ಬರೆಯಬಲ್ಲ ನಿವೃತ್ತ ಮಾಸ್ಟ್ರುಗಳು ಈ ಜಿಲ್ಲೆಯಲ್ಲಿ ಇನ್ನೂ ಹಲವರಿದ್ದಾರೆ. ಮೊದಲ ಬರಹ ಮಳೆಗಾಲದ ಜಗಲಿ ಅಭ್ಯಾಸದ ಬಗ್ಗೆ, ಚಿತ್ರಗಳ ಸಮೇತ ಸಿದ್ಧವಾಗಿದೆ. ತಾವು ಹೂಂ ಎಂದರೆ ಈ ವಾರವೇ ಕಳಿಸುವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ
ಬದಿಯಡ್ಕ, ಕಾಸರಗೋಡು ಜಿಲ್ಲೆ